ಬೇಡ ಅನ್ನುವ ಸೊಸೆ

ಮಳವಳ್ಳಿಯ ನಮ್ಮ ಬೀದಿಯಲ್ಲಿ ನನಗೆ ಬಹಳ ಒಳ್ಳೆಯ ಹೆಸರಿತ್ತು. ಅದನ್ನು ಸಂಪಾದಿಸಲು ಆರು ವರ್ಷ ಹಿಡಿಯಿತು, ಕಳೆದುಕೊಳ್ಳಲು ಒಂದು ಊಟದ ಹೊತ್ತು ಸಾಕಾಯಿತು. ಅದಕ್ಕಾಗಿ ನನಗೆ ಎಳ್ಳಷ್ಟೂ ಬೇಸರವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಶ್ಚಾತ್ತಾಪದ ಕಥೆ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ನನ್ನ ತವರು ಬೆಸಗರಹಳ್ಳಿ ಪಕ್ಕದ ಒಂದು ಹಳ್ಳಿ. ಅಪ್ಪನಿಗೆ ರಾಗಿ ಹೊಲ, ಕೆರೆಯ ಕೆಳಗೆ ಒಂದಷ್ಟು ಗದ್ದೆ. ನಾನು ಬಸ್ಸಿನಲ್ಲಿ ಮದ್ದೂರಿಗೆ ಹೋಗಿ ಬಂದು ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಆ ಕಾಲಕ್ಕೆ ನಮ್ಮ ಮನೆತನದ ಹೆಣ್ಣುಮಕ್ಕಳಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಆದರೆ ಶಾಲೆ ಕಲಿಸಿದ್ದಕ್ಕಿಂತ ಅವ್ವ ಕಲಿಸಿದ್ದೇ ನನ್ನ ಮೈಗೆ ಹೆಚ್ಚು ಹತ್ತಿತ್ತು. ಅವ್ವ ಕಲಿಸಿದ್ದು ಒಂದೇ ಪಾಠ.

"ಎಣ್ಮಕ್ಳು ಬೇಕು ಅನ್ಬಾರ್ದು ಕಣವ್ವ. ಬ್ಯಾಡ ಅನ್ನೋಳ್ನ ಊರೇ ಮೆಚ್ತದೆ."

ಈ ಪಾಠವನ್ನು ನಮ್ಮಜ್ಜಿ, ಅಂದರೆ ಅಪ್ಪನ ತಾಯಿ ಮಾತ್ರ ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಕುರಿಮರಿ ಕುಯ್ದ ದಿನ ಅದರ ಈಲಿಯ, ಅಂದರೆ ಲಿವರಿನ, ಒಂದು ತುಂಡನ್ನು ಯಾರಿಗೂ ಕಾಣದ ಹಾಗೆ ಎತ್ತಿಟ್ಟು, ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ, ಹಿತ್ತಲಿಗೆ ಕರೆದು ನನ್ನ ಬಾಯಿಗೆ ಇಡುತ್ತಿದ್ದಳು. ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ. ಪ್ರಪಂಚದಲ್ಲಿ ಅದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ ಎಂದು ನಾನು ಆಗ ನಂಬಿದ್ದೆ. ಅಜ್ಜಿ ತೀರಿಕೊಂಡ ಮೇಲೆ ಹಾಗೆ ಎತ್ತಿಡುವವರು ಯಾರೂ ಉಳಿಯಲಿಲ್ಲ.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಮಳವಳ್ಳಿಯ ಸಂಬಂಧ ಕೂಡಿಬಂತು. ಅತ್ತೆ, ಮಾವ, ವ್ಯವಸಾಯ ನೋಡಿಕೊಳ್ಳುವ ಬಾವ, ಅವರ ಹೆಂಡತಿ ನನ್ನ ವಾರಗಿತ್ತಿ, ಇನ್ನೂ ಓದುತ್ತಿದ್ದ ಮೈದುನ. ನನ್ನ ಗಂಡ ಮಂಡ್ಯದ ಹತ್ತಿರ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಗದ್ದೆಗಳಲ್ಲಿ ಬೆಳೆ ಪರೀಕ್ಷೆಯ ಮೇಲ್ವಿಚಾರಣೆ. ಮಂಡ್ಯದಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಮಾಡಿಕೊಂಡಿದ್ದರು. ಶನಿವಾರ ಸಂಜೆ ಬಂದು ಸೋಮವಾರದ ಮೊದಲ ಬಸ್ಸಿಗೆ ಹೊರಟುಬಿಡುವರು.

ಮದುವೆಯಾದ ವರ್ಷದ ಯುಗಾದಿಗೆ ಮಾವ ಮಂಡ್ಯದಿಂದ ಮೂರು ಸೀರೆ ತಂದರು. ಮಂಚದ ಮೇಲೆ ಹರಡಿದರು. ಒಂದು ಗಿಳಿಹಸಿರು, ಒಂದು ದಾಳಿಂಬೆ ಕೆಂಪು, ಇನ್ನೊಂದು ನಶ್ಯದ ಬಣ್ಣ. ಗಿಳಿಹಸಿರಿನ ಮೇಲೆ ನನ್ನ ಕಣ್ಣು ಬಿದ್ದದ್ದು ನಿಜ. ಆದರೆ ಅತ್ತೆ "ನಿಂಗ್ಯಾವ್ದವ್ವ?" ಅಂದಾಗ ನನ್ನ ಬಾಯಿಂದ ಬಂದದ್ದು, "ನಂಗ್ಯಾವ್ದಾದ್ರೂ ಆಯ್ತದೆ ಅತ್ತೆ, ನೀವು ತಕ್ಕಳಿ." ಅತ್ತೆ ಕೆಂಪು ತೆಗೆದುಕೊಂಡರು, ವಾರಗಿತ್ತಿ ಹಸಿರು. ಉಳಿದದ್ದು ನನ್ನದಾಯಿತು. ಅದನ್ನು ಉಟ್ಟು ಕಾಲಿಗೆ ಬಿದ್ದಾಗ ಮಾವ ಎಲ್ಲರೆದುರೂ ಹೇಳಿದರು: "ಸೊಸೆ ಅಂದ್ರೆ ಇಂಗಿರ್ಬೇಕು ನೋಡು. ಆಸೆ ಅನ್ನೋದೇ ಇಲ್ಲ."

ನನಗೆ ಆ ಮಾತು ಸಕ್ಕರೆ ತಿಂದ ಹಾಗಾಯಿತು. ಇದನ್ನು ಮುಚ್ಚಿಡುವುದಿಲ್ಲ. ಹೊಗಳಿಕೆಯ ರುಚಿ ಹತ್ತಿದವರಿಗೆ ಮತ್ತೆ ಮತ್ತೆ ಬೇಕೆನ್ನಿಸುತ್ತದೆ.

ಮಾರನೆಯ ದಿನ ವರ್ಷದ ತೊಡಕು. ಯುಗಾದಿಯ ಮರುದಿನ ನಮ್ಮ ಕಡೆ ಬಾಡೂಟ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ. ಹೆಂಗಸರು ಕೊನೆಗೆ ಊಟಕ್ಕೆ ಕೂತಾಗ ಹುರಿದ ಈಲಿ ಮೂರು ತುಂಡು ಉಳಿದಿತ್ತು. ಅತ್ತೆ ನನ್ನ ತಟ್ಟೆಗೆ ಹಾಕಲು ಬಂದರೆ ನಾನು ಕೈ ಅಡ್ಡ ಹಿಡಿದೆ. "ನಂಗೆ ಈಲಿ ಸೇರಾಕಿಲ್ಲ ಅತ್ತೆ." ಎಂಥ ಸುಳ್ಳು! ಸುಮ್ಮನೆ ಬೇಡ ಅಂದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಸೇರುವುದಿಲ್ಲ ಅಂದದ್ದು ಕಾಯಂ ಆಯಿತು. ಆಮೇಲೆ ಆರು ವರ್ಷ ನಾನೇ ತೊಳೆದು, ನಾನೇ ಹೆಚ್ಚಿ, ನಾನೇ ಮೆಣಸು ಅರೆದು ಹುರಿದು, ಎಲ್ಲರಿಗೂ ಬಡಿಸಿದೆ. ಒಂದು ಚೂರನ್ನೂ ಬಾಯಿಗಿಡಲಿಲ್ಲ.

ಸೀರೆಯದೂ ಹಾಗೇ ಆಯಿತು. ಮರುವರ್ಷ ಮಾವ ಕೇಳುವ ಗೋಜಿಗೇ ಹೋಗಲಿಲ್ಲ, "ಇವಳಿಗೆ ಈ ಬಣ್ಣ ಇಷ್ಟ" ಎಂದು ಅವರೇ ನಶ್ಯದ ಬಣ್ಣ ತಂದರು. ಅದರ ಮುಂದಿನ ವರ್ಷವೂ ಅದೇ. ಒಗೆದು ಹಿತ್ತಲಲ್ಲಿ ಸಾಲಾಗಿ ಒಣಹಾಕಿದ್ದಾಗ ವಾರಗಿತ್ತಿ ಬಿದ್ದು ಬಿದ್ದು ನಕ್ಕಳು. "ಏನಮ್ಮಿ, ನಸ್ಯದ ಅಂಗ್ಡಿ ಮಡಗಿದ್ದೀಯಾ?" ನಾನೂ ನಕ್ಕೆ. ನಕ್ಕರೆ ಒಳ್ಳೆಯವಳು ಅನ್ನುತ್ತಾರಲ್ಲ!

ಬೇಡಗಳು ಬೆಳೆಯುತ್ತ ಹೋದವು. ಪಕ್ಕದ ಮನೆಯ ನಾಮಕರಣಕ್ಕೆ ಒಬ್ಬಟ್ಟು ತಟ್ಟಲು ನಾನು. ಎದುರು ಮನೆಯ ಬಾಣಂತಿಗೆ ನೀರು ಹಾಕಲು ನಾನು. ಜಾತ್ರೆಗೋ ಸಿನಿಮಾಕ್ಕೋ ಎಲ್ಲರೂ ಹೊರಟರೆ ಮನೆ ಕಾಯಲು ನಾನು, "ಅವ್ಳಿಗೆ ಅದೆಲ್ಲ ಬೇಕಾಗಾಕಿಲ್ಲ" ಎಂದು ಅವರೇ ಹೇಳಿಕೊಂಡು ಹೋಗುತ್ತಿದ್ದರು. ಮಗಳು ಹುಟ್ಟಿದಳು. ಗಂಡ ಬಂದ ಭಾನುವಾರಗಳಲ್ಲಿ ಮನೆಗೆ ಯಾರಾದರೂ ನೆಂಟರು ಬರುವರು, ನಾನು ಇಡೀ ದಿನ ಒಲೆಯ ಮುಂದೆ. "ನಿಂಗೇನೂ ತೊಂದ್ರೆ ಇಲ್ವಾ?" ಅಂತ ಅವರು ಕೇಳಿದರೆ, "ನಂಗೇನು ತೊಂದ್ರೆ?" ಅನ್ನುತ್ತಿದ್ದೆ. ಅವರು ನಂಬುತ್ತಿದ್ದರು.

ಆರನೆಯ ವರ್ಷದ ಕಾರ್ತೀಕದಲ್ಲಿ ಅವ್ವ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋದವಳು ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಕಾಲು ಮುರಿಯಿತು. ನಾಟಿ ವೈದ್ಯರಿಂದ ಪಟ್ಟು ಕಟ್ಟಿಸಿ ಮಲಗಿಸಿದ್ದಾರೆಂದು ಅಣ್ಣ ಹೇಳಿ ಕಳಿಸಿದ. ಆಗ ನಮ್ಮ ಕಣದಲ್ಲಿ ರಾಗಿ ಒಕ್ಕಣೆಗೆ ತಯಾರಿ ನಡೆದಿತ್ತು. ಅತ್ತೆ ಅಂದರು, "ಒಕ್ಣೆ ಮುಗೀಲಿ ಕಣವ್ವ. ಆಳುಕಾಳ್ಗೆ ಇಟ್ಟು ಬೇಯ್ಸೋರು ಯಾರು? ಆಮ್ಯಾಕೆ ಓಗಿ ವಸಿ ದಿನ ಇದ್ದು ಬಾ."

ನನ್ನ ಅವ್ವ ಕಾಲು ಮುರಿದು ಮಲಗಿದ್ದಾಳೆ. ನಾನೇನೆಂದೆ? "ಆಗ್ಲಿ ಬುಡಿ ಅತ್ತೆ" ಅಂದೆ.

ಒಕ್ಕಣೆ, ತೂರುವುದು, ಚೀಲಕ್ಕೆ ತುಂಬುವುದು ಎಲ್ಲ ಮುಗಿದು ಸಂಕ್ರಾಂತಿಯೂ ಆದಮೇಲೆ ಮಗಳನ್ನು ಕಂಕುಳಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಅವ್ವ ಪಡಸಾಲೆಯ ಮಂಚದ ಮೇಲೆ ಅರ್ಧ ಆಗಿದ್ದಳು. ಅತ್ತಿಗೆ, ಪಾಪ, ಅಡುಗೆ ಮಾಡಿ ಹಾಕುತ್ತಿದ್ದಳು, ಆದರೆ ಅವ್ವನಿಗೆ ಊಟವೇ ಸೇರುತ್ತಿರಲಿಲ್ಲ. ತಡವಾಗಿ ಬಂದದ್ದಕ್ಕೆ ಅವ್ವ ಒಂದು ಮಾತೂ ಆಡಲಿಲ್ಲ. "ಅತ್ತೆಮನೆ ಕೆಲ್ಸ ಬುಟ್ಟು ಯಾಕ್ ಬಂದೆ" ಅಂತಲೇ ಕೇಳಿದಳು.

ಮಾರನೆಯ ಬೆಳಗ್ಗೆ ಅವಳ ತಲೆ ಬಾಚುತ್ತ ಕೇಳಿದೆ. "ಅವ್ವ, ಇವತ್ತು ನಾನ್ ಅಡ್ಗೆ ಮಾಡ್ತೀನಿ. ನಿಂಗೇನ್ ಇಷ್ಟ ಏಳು."

"ಏನಾದ್ರೂ ಮಾಡು."

"ಏನಾದ್ರೂ ಅಲ್ಲ. ನಿನ್ ಬಾಯಿಗೆ ಏನ್ ಬೇಕು ಅನ್ನಿಸ್ತದೆ, ಅದ್ನ ಏಳು."

ಅವ್ವ ಸೂರಿನ ಕಡೆ ನೋಡಿದಳು. "ನಿಮ್ಮಪ್ಪಂಗೆ ಉಳ್ಳಿಕಾಳಿನ ಬಸ್ಸಾರು ಆಗ್ಬೇಕು. ನಿಮ್ಮಣ್ಣಂಗೆ ಮೀನಂದ್ರೆ ಪ್ರಾಣ. ನಿಮ್ಮಜ್ಜಿಗೆ ಅವರೆಕಾಳು ಇಸ್ಕಿ ಮಾಡಿದ್ರೆ ಎಲ್ಡು ಮುದ್ದೆ ಓಗೋದು."

"ನಿಂಗೆ?"

ಅವಳು ಯೋಚನೆ ಮಾಡಿದಳು. ನಿಜವಾಗಿಯೂ ಮಾಡಿದಳು, ಹುಬ್ಬು ಗಂಟಿಕ್ಕಿ, ತುಟಿ ಅಲ್ಲಾಡಿಸುತ್ತ, ಎಲ್ಲೋ ಇಟ್ಟು ಮರೆತ ವಸ್ತುವನ್ನು ಹುಡುಕುವವಳ ಹಾಗೆ. ನಾನು ಬಾಚಣಿಗೆ ಹಿಡಿದು ಕಾಯುತ್ತ ಕೂತೆ. ಕೊನೆಗೆ ಅವಳು ನಾಚಿಕೊಂಡಂತೆ ನಕ್ಕಳು.

"ಗೊತ್ತಿಲ್ಲ ಕಣವ್ವ. ಯಾರೂ ಕೇಳ್ನಿಲ್ಲ. ನಾನೂ ನೋಡ್ಕಳ್ನಿಲ್ಲ."

ಕೇಳಿದವರಿಗೆ ದುಃಖ ಆಗಬೇಕಾದ ಮಾತು. ನನಗೆ ಆದದ್ದು ಸಿಟ್ಟು. ತಲೆಗೆ ಜಡೆ ಹಾಕಿ ಮುಗಿಸಿ ಹಿತ್ತಲಿಗೆ ಹೋದೆ. ಅಲ್ಲಿ ಸೌದೆ ಬಿದ್ದಿತ್ತು. ಕೊಡಲಿ ತೆಗೆದುಕೊಂಡು ಒಡೆಯತೊಡಗಿದೆ. ಅತ್ತಿಗೆ ಓಡಿಬಂದು, "ಅಯ್ಯೋ, ಇದೆಲ್ಲ ನಿನ್ಗ್ಯಾಕೆ, ನಿಮ್ಮಣ್ಣ ಬಂದು ಒಡೀತಾರೆ" ಅಂದಳು. ನಿಲ್ಲಿಸಲಿಲ್ಲ. ಐವತ್ತು ದಾಟಿದ ಹೆಂಗಸಿಗೆ ತನ್ನ ನಾಲಿಗೆಗೆ ಏನು ಬೇಕೆಂದು ಗೊತ್ತಿಲ್ಲ! ಅಪ್ಪನ ಮೇಲೆ, ಊರ ಮೇಲೆ, ಆ ಪಾಠ ಕಲಿಸಿದ ಅವ್ವನ ಮೇಲೆ, ಎಲ್ಲರ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಒಕ್ಕಣೆ ಮುಗಿಯಲಿ ಎಂದು ಕಾದ ನನ್ನ ಮೇಲೆ.

ಅವ್ವ ಕೋಲು ಹಿಡಿದು ಹಿತ್ತಲವರೆಗೆ ಓಡಾಡುವ ತನಕ ಇದ್ದು, ಯುಗಾದಿಗೆ ಮುಂಚೆ ಮಳವಳ್ಳಿಗೆ ವಾಪಸ್ಸಾದೆ. ಬಂದು ಏನೋ ಮಾಡಿಬಿಡಬೇಕು ಎಂದೇನೂ ನಿಶ್ಚಯ ಮಾಡಿಕೊಂಡಿರಲಿಲ್ಲ. ಯುಗಾದಿಗೆ ಏಳನೆಯ ನಶ್ಯದ ಸೀರೆ ಬಂತು. ಉಟ್ಟುಕೊಂಡೆ.

ಮಾರನೆಯ ದಿನ ವರ್ಷದ ತೊಡಕು. ಬೆಳಗಿನಿಂದ ಬಾಡು ಬೇಯುತ್ತಿತ್ತು. ಮಧ್ಯಾಹ್ನ ಗಂಡಸರು, ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಕೂತರು. ಮಾವ, ಬಾವ, ನನ್ನ ಗಂಡ, ಮೈದುನ, ಬಾವನ ಮಕ್ಕಳು. ನನ್ನ ಮಗಳು ಅವರಪ್ಪನ ಪಕ್ಕ. ಅವಳಿಗಾಗ ನಾಲ್ಕು ವರ್ಷ. ಅತ್ತೆ ಬಡಿಸುತ್ತಿದ್ದರು, ವಾರಗಿತ್ತಿ ಮುದ್ದೆ ತರುತ್ತಿದ್ದಳು, ನಾನು ನೀರಿನ ಚೊಂಬು ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ.

ಅತ್ತೆ ಹುರಿದ ಈಲಿಯ ಪಾತ್ರೆ ತಂದರು. ಮಗಳ ಕಣ್ಣು ಪಾತ್ರೆಯ ಜೊತೆಯೇ ಸಾಲಿನುದ್ದಕ್ಕೂ ಹರಿದು ಬಂತು. ಬೆಳಗ್ಗೆ ಒಲೆಯ ಹತ್ತಿರ ಒಂದು ಚೂರು ಕೊಟ್ಟಿದ್ದೆ, ಅವಳು ಬೆರಳು ನೆಕ್ಕಿದ್ದನ್ನು ನೋಡಿದ್ದೆ.

"ಈಲಿ ತಿಂತೀಯೇನವ್ವ?" ಅತ್ತೆ ಕೇಳಿದರು.

ಮಗಳು ತಲೆಯೆತ್ತಿ ನನ್ನ ಮುಖ ನೋಡಿದಳು. ಆಮೇಲೆ ನನ್ನದೇ ರಾಗದಲ್ಲಿ ಹೇಳಿದಳು, "ನಂಗೇನೂ ಬ್ಯಾಡ ಅಜ್ಜಿ, ಅಪ್ಪಂಗ್ ಇಕ್ಕು."

ಇಡೀ ಸಾಲು ಖುಷಿಯಿಂದ ನಕ್ಕಿತು. ಮಾವ ಅವಳ ತಲೆ ಸವರಿದರು. "ಅವ್ವನ್ನೇ ಅಚ್ಚು ಒಯ್ದಂಗದೆ ಕಣ್ಲಾ!" ಮಗಳು ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಆ ಸಕ್ಕರೆ ತಿಂದ ಕಳೆ ಇತ್ತು. ನನಗೆ ಅದು ಚೆನ್ನಾಗಿ ಗೊತ್ತು.

ನಾನು ಚೊಂಬು ಕೆಳಗಿಟ್ಟೆ. ಗೂಡಿನಿಂದ ಒಂದು ತಟ್ಟೆ ತೆಗೆದುಕೊಂಡು ಬಂದು, ಮಗಳ ಪಕ್ಕದಲ್ಲಿ, ಗಂಡಸರ ಸಾಲಿನಲ್ಲೇ ಕೂತೆ.

"ಅತ್ತೆ, ನಂಗೆ ಈಲಿ ಬೇಕು. ನನ್ ಮಗೀಗೂ ಇಕ್ಕಿ. ಅವ್ಳಿಗೂ ಇಷ್ಟ."

ಬಾವನ ಕೈಯಲ್ಲಿದ್ದ ತುತ್ತು ಸಾರಿನಲ್ಲೇ ನಿಂತಿತು. ಅತ್ತೆ ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದರು.

"ನೀನ್ ಈಲಿ ತಿನ್ನಾಕಿಲ್ವಲ್ಲ?"

"ತಿಂತೀನಿ. ಆರ್ ವರ್ಸದಿಂದ ತಿನ್ಬೇಕು ಅಂತ್ಲೇ ಇದೀನಿ."

ಅತ್ತೆ ನನ್ನ ತಟ್ಟೆಗೆ ಸೌಟನ್ನು ಠಣ್ ಎಂದು ಬಡಿದರು. "ವರ್ಸದ ತೊಡ್ಕಿನ ದಿನ ಬಾಯ್ ಬುಟ್ಟಿದ್ದೀಯ. ಇನ್ ವರ್ಸವೆಲ್ಲ ಇದೇಯಾ!"

"ಇದೇಯಾ ಅತ್ತೆ" ಅಂದೆ.

ದೊಡ್ಡ ತುಂಡನ್ನೇ ಎತ್ತಿಕೊಂಡೆ. ತಿಂದೆ. ಉಪ್ಪು ಒಂಚೂರು ಹೆಚ್ಚಾಗಿತ್ತು, ಹುರಿದದ್ದು ನಾನೇ ತಾನೇ. ಪಕ್ಕದಲ್ಲಿ ಮಗಳು ಎರಡು ತುಂಡು ತಿಂದು ಮೂರನೆಯದಕ್ಕೆ ತಟ್ಟೆ ಮುಂದೆ ಮಾಡಿದಳು.

ಅಂದಿನಿಂದ ಅತ್ತೆ ನನ್ನ ಹತ್ತಿರ ನೇರ ಮಾತು ಬಿಟ್ಟರು. ಹೇಳಬೇಕಾದದ್ದನ್ನು ಗೋಡೆಗೆ ಹೇಳುವರು, ನಾನು ಗೋಡೆಯ ಪರವಾಗಿ ಉತ್ತರ ಕೊಡುವೆ. ನಲ್ಲಿಯ ಹತ್ತಿರ ಎದುರು ಮನೆಯಾಕೆ, "ತವರಿಗೆ ಓಗಿದ್ದಾಗ ಗಾಳಿ ಸೋಕ್ಬುಟ್ಟದೆ, ನೋಡ್ಸಿ" ಅಂದರಂತೆ. ಅತ್ತೆ ಅದನ್ನೂ ನಂಬಿ ಯಾರೋ ಪೂಜಾರಿಯಿಂದ ತಾಯಿತ ಮಾಡಿಸಿಕೊಂಡು ಬಂದರು. "ಕಟ್ಕೊಳಾಕೇಳು" ಎಂದು ವಾರಗಿತ್ತಿಯ ಕೈಗೆ ಕೊಟ್ಟರು. ವಾರಗಿತ್ತಿ ನಗು ತಡೆದುಕೊಂಡು ನನ್ನ ಮುಂದೆ ಹಿಡಿದಳು.

"ಬ್ಯಾಡ ಅಕ್ಕ" ಅಂದೆ. ಎಷ್ಟೋ ವರ್ಷದ ಮೇಲೆ ಬೇಡ ಅನ್ನುವ ಮಾತನ್ನು ಅದರ ಅರ್ಥಕ್ಕೇ ಬಳಸಿದ ಸಂತೋಷ ನನಗೆ ಆಗ ಸಿಕ್ಕಿತು.

ಈಲಿಯಷ್ಟಕ್ಕೇ ನಿಂತಿದ್ದರೆ ಇದು ನೆಂಟರಿಗೆ ಹೇಳಿ ನಗುವ ಕಥೆಯಾಗುತ್ತಿತ್ತು. ಮುಂಗಾರು ಹಿಡಿಯುವ ಹೊತ್ತಿಗೆ ನನ್ನ ಗಂಡನಿಗೆ ವಿ.ಸಿ. ಫಾರಂನಲ್ಲಿ ವಸತಿ ಸಿಕ್ಕಿತು. ಎರಡು ಕೋಣೆ, ಅಡುಗೆಮನೆ, ಹಿಂದೆ ತರಕಾರಿ ಹಾಕಿಕೊಳ್ಳಲು ಜಾಗ. ಆ ಭಾನುವಾರ ಬೆಳಗ್ಗೆ ಜಗಲಿಯ ಮೇಲೆ ಮಾವ, ಬಾವ, ಗಂಡ ಕೂತು ತೀರ್ಮಾನ ಮಾಡುತ್ತಿದ್ದರು. ನಾನು ಒಳಗೆ ರಾಗಿ ಕೇರುತ್ತ ಎಲ್ಲ ಕೇಳಿಸಿಕೊಂಡೆ. ಮೈದುನ ಮಂಡ್ಯದ ಕಾಲೇಜಿಗೆ ಸೇರುವುದು, ಅಣ್ಣನ ಜೊತೆ ಇರುವುದು. ಅತ್ತೆಯ ವಿಧವೆ ತಂಗಿಯೊಬ್ಬರು ಹೋಗಿ ಅವರಿಬ್ಬರಿಗೆ ಅಡುಗೆ ಮಾಡಿಹಾಕುವುದು.

"ನನ್ನ ಹೆಂಡ್ತಿ?" ಎಂದು ಗಂಡ ಕೇಳಿದರು. ಕೇಳಿದರು, ಆ ಪುಣ್ಯವನ್ನು ಅವರ ಲೆಕ್ಕಕ್ಕೇ ಹಾಕುತ್ತೇನೆ.

"ಅವ್ಳಿಗೇನ್ಲಾ, ಎಲ್ಲಿದ್ರೂ ಒಂದೇಯಾ" ಅಂದರು ಮಾವ. "ಇಲ್ಲಿ ಮನೆ ನಡೀಬೇಕಲ್ಲ."

ಗಂಡ ವಸತಿಯ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ನಾನು ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಜಗಲಿಗೆ ಬಂದೆ. ಆ ಮನೆಯಲ್ಲಿ ಸೊಸೆಯಂದಿರು ಜಗಲಿಯ ಮಾತಿಗೆ ಬಾಯಿ ಹಾಕಿದ್ದೇ ಇಲ್ಲ.

"ಮಾವ, ನಂಗೆ ಎಲ್ಲಿದ್ರೂ ಒಂದೇ ಅಲ್ಲ. ನಾನು ಫಾರಂಗೆ ಓಯ್ತೀನಿ. ನಾನು, ಮಗಳು, ಇವ್ರು. ಮೈದ ಬಂದಿರ್ಲಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಆ ಮನೇಲಿ ಒಲೆ ಅಚ್ಚೋಳು ನಾನೇಯ."

"ಇಲ್ಲಿ ಯಾರವ್ವ ನೋಡ್ಕಳೋರು?" ಮಾವನ ಧ್ವನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು.

"ನಾನ್ ಬರೋಕ್ ಮುಂಚೆ ಯಾರ್ ನೋಡ್ಕತಿದ್ರು ಮಾವ?"

ಬಾವ ಎದ್ದು ಟವಲ್ಲು ಕೊಡವಿಕೊಂಡು ಹೊರಟುಹೋದರು. ಒಳಗಿಂದ ಅತ್ತೆ ಗೋಡೆಗೆ ಹೇಳುವುದು ಕೇಳಿಸಿತು. "ಗಂಡನ್ನ ಕಿತ್ಕೊಂಡು ಓಗಾಕೆ ಇಷ್ಟ್ ದಿನ ನಾಟ್ಕ ಆಡಿದ್ಲು ಬುಡು."

ಗಂಡ ನನ್ನನ್ನು ಹುಲ್ಲಿನ ಮೆದೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅವರ ಮುಖ ಕೆಂಪಾಗಿತ್ತು. "ಅಪ್ಪನ ಎದುರ್ಗೆ ಇಂಗಾ ಮಾತಾಡೋದು? ನಂಗಾದ್ರೂ ಮೊದ್ಲೇ ಏಳ್ಬಾರ್ದಾ? ಕೇಳ್ದಾಗೆಲ್ಲ ನಂಗೇನು ತೊಂದ್ರೆ ಅಂತಿದ್ದೋಳು ನೀನೇ ಅಲ್ವಾ? ನಿನ್ ಮನ್ಸಲ್ಲಿರೋದು ನಂಗೆಂಗ್ ಗೊತ್ತಾಗ್ಬೇಕು?"

ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಆರು ವರ್ಷ ನಾನು ಆ ಮನೆಯಲ್ಲಿ ಎಲ್ಲರಿಗೂ ಸುಳ್ಳು ಹೇಳಿದ್ದೆ. ನಗುನಗುತ್ತ ಹೇಳಿದ್ದೆ. ಆಮೇಲೆ, ಇವರಿಗೆ ನನ್ನ ಮನಸ್ಸು ಅರ್ಥವಾಗುವುದಿಲ್ಲ ಎಂದು ಒಳಗೊಳಗೇ ಅವರನ್ನೇ ದೂರಿದ್ದೆ.

"ಅದು ನನ್ ತಪ್ಪೇ" ಅಂದೆ. "ಇನ್ಮ್ಯಾಕೆ ಏಳ್ತೀನಿ. ಏಳಿದ್ದು ಕೇಳಿಸ್ಕಳೋದು ನಿಮ್ಮ ಕೆಲ್ಸ."

ಅವರು ಮೆದೆಯಿಂದ ಒಂದು ಹುಲ್ಲು ಕಿತ್ತು ಹಲ್ಲಿನಲ್ಲಿ ಕಡಿದರು. "ಮಾತು ವಸಿ ಮೆತ್ತಗೆ ಆಡು" ಅಂದರು ಕೊನೆಗೆ. ಬರಬೇಡ ಅನ್ನಲಿಲ್ಲ.

ಹೊರಟ ದಿನ ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಯಾರೂ ಬರಲಿಲ್ಲ. ಗಂಡ ಸಾಮಾನಿನ ಜೊತೆ ಮೊದಲೇ ಹೋಗಿದ್ದರು. ಟ್ರಂಕು ನನ್ನ ಕೈಯಲ್ಲಿ, ಮಗಳ ಕೈಯಲ್ಲಿ ಒಂದು ಚಾಪೆ. ಬೀದಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡಿದರು. ಅವರಲ್ಲಿ ನನ್ನ ಕೈಯ ಒಬ್ಬಟ್ಟು ತಿನ್ನದವರು ಒಬ್ಬರೂ ಇರಲಿಲ್ಲ. ನಾನು ತಲೆ ತಗ್ಗಿಸಲಿಲ್ಲ.

ಮದ್ದೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಹೊಟ್ಟೆ ಹಸಿದಿತ್ತು. ಶಾಲೆಗೆ ಹೋಗುವಾಗ ದಿನವೂ ದಾಟಿ ಹೋಗುತ್ತಿದ್ದ ಒಂದು ಹೋಟೆಲ್ಲು, ಒಮ್ಮೆಯೂ ಒಳಗೆ ಕಾಲಿಟ್ಟವಳಲ್ಲ. ಗಂಡಸಿಲ್ಲದೆ ಹೆಂಗಸು ಹೋಟೆಲ್ಲಿಗೆ ಹೋಗುವುದು ನಮ್ಮ ಕಡೆ ಆಗ ಕಂಡು ಕೇಳದ ಮಾತು. ಟ್ರಂಕು ಎಳೆದುಕೊಂಡು ಹೋಗಿ ಎಲ್ಲರಿಗೂ ಕಾಣುವ ಮೇಜಿನ ಮುಂದೆ ಕೂತೆ. ಸಪ್ಲೈಯರ್ ಬಂದು ಬಾಗಿಲ ಕಡೆ ನೋಡಿದ.

"ಯಜಮಾನ್ರು ಬರ್ಬೇಕೇನಮ್ಮ?"

"ಯಾರೂ ಬರ್ಬೇಕಾಗಿಲ್ಲ. ನಾವಿಬ್ರೇ. ನಂಗೊಂದು ಮಸಾಲೆ ದೋಸೆ, ಒಂದು ಕಾಫಿ." ಮಗಳ ಕಡೆ ತಿರುಗಿದೆ. "ನಿಂಗೇನವ್ವ?"

ಅವಳು ಗಾಜಿನ ಬೀರುವಿನಲ್ಲಿದ್ದುದನ್ನೆಲ್ಲ ಒಂದೊಂದಾಗಿ ನೋಡಿದಳು. ಸಪ್ಲೈಯರ್ ಕಾಲು ಬದಲಿಸಿ ಬದಲಿಸಿ ನಿಂತ. ನಾನು ಅವಸರ ಮಾಡಲಿಲ್ಲ. "ಬೋಂಡ" ಅಂದಳು ಕೊನೆಗೆ, ಗಟ್ಟಿಯಾಗಿ. ಪಕ್ಕದ ಮೇಜಿನ ಇಬ್ಬರು ಗಂಡಸರು ತಿರುಗಿ ನೋಡಿದರು. ನಾನೂ ಅವರನ್ನು ನೋಡಿದೆ. ಅವರೇ ಮೊದಲು ಕಣ್ಣು ತೆಗೆದರು.

ಫಾರಂನಲ್ಲಿ ನಾನು ಸುಖವಾಗಿದ್ದೆ. ಕೂಲಿಯವರ ಮಕ್ಕಳಿಗೆಂದು ಅಲ್ಲೊಂದು ಶಿಶುವಿಹಾರ ಶುರುವಾಗಿ, ಓದು ಬಲ್ಲ ಹೆಂಗಸು ಬೇಕೆಂದು ಹುಡುಕುತ್ತಿದ್ದರು. ಯಾರೂ ನನ್ನನ್ನು ಕರೆಯುವ ಮುಂಚೆ ನಾನೇ ಹೋಗಿ "ನಂಗೆ ಈ ಕೆಲಸ ಬೇಕು" ಅಂದೆ. ಕೊಟ್ಟರು. ಬೆಳಗ್ಗೆ ಒಂಬತ್ತಕ್ಕೆ ಗಂಟೆ ಹೊಡೆದರೆ ಮೂವತ್ತು ಮಕ್ಕಳು ಗದ್ದೆ ಬದುವಿನ ಮೇಲೆ ಓಡಿಬರುತ್ತಿದ್ದವು.

ಆದರೆ ಎಲ್ಲರೂ ಸುಖವಾಗಿದ್ದರು ಎಂದು ಬರೆದರೆ ಅದು ಹಳೆಯ ಸುಳ್ಳುಗಳ ಸಾಲಿಗೇ ಸೇರುತ್ತದೆ. ಅಪ್ಪ ಒಂದು ವರ್ಷ ನನ್ನ ಮನೆಗೆ ಬರಲಿಲ್ಲ. ಅವ್ವ ಬಂದಳು, ಕೋಲೂರಿಕೊಂಡು ಬಂದು, "ಇಂಗಾ ನಾನ್ ನಿನ್ನ ಬೆಳೆಸಿದ್ದು?" ಎಂದು ಅತ್ತಳು. ಅವಳಿಗೆ ನಾನು ಹೇಳಿದ್ದು ಅರ್ಥವಾಗಲಿಲ್ಲ. ಕೊನೆಯವರೆಗೂ ಆಗಲಿಲ್ಲ. ನಾನು ಅವಳಿಗಾಗಿ ಹಿಂತಿರುಗಲಿಲ್ಲ.

ಇನ್ನು ವಾರಗಿತ್ತಿ. ನನ್ನ ಪಾಲಿನ ಕೆಲಸವೆಲ್ಲ ಅವಳ ಮೇಲೆ ಬಿದ್ದಿತ್ತು. ಗೌರಿಹಬ್ಬ ಕಳೆದ ಮೇಲೆ ಒಂದು ದಿನ ಒಬ್ಬಳೇ ಬಂದಳು. ಕೊಟ್ಟ ಕಾಫಿ ಮುಟ್ಟದೆ ಮುಖಕ್ಕೆ ಹೇಳಿದಳು. "ನೀನ್ ಬೇಕು ಅಂದೆ, ಭಾರ ಎಲ್ಲ ನನ್ ಎಗಲ್ ಮ್ಯಾಲೆ ಬಿತ್ತು. ಬೆಳಗಾಗೆದ್ರೆ ಒಲೆ, ಕೊಟ್ಗೆ, ನೆಂಟ್ರು. ಕೈ ನೋಡಮ್ಮಿ ಎಂಗಾಗದೆ." ಅಂಗೈ ತೆರೆದು ತೋರಿಸಿದಳು, ಬಿರುಕು ಬಿಟ್ಟಿತ್ತು.

ನನ್ನಿಂದಾದದ್ದು. ಅಲ್ಲ ಅನ್ನಲು ಬರುವಂತಿರಲಿಲ್ಲ. "ತಪ್ಪಾಯ್ತಕ್ಕ ಅಂತ ವಾಪಸ್ ಬರಾಕಿಲ್ಲ ನಾನು" ಅಂದೆ. "ನೀನೂ ಬಾಯ್ ಬುಡು."

"ನಂಗ್ ನಿನ್ನಂಗೆ ಓದು ಬರಾಕಿಲ್ಲ."

"ಬ್ಯಾಡ ಅನ್ನಾಕೆ ಓದ್ಯಾಕೆ ಬೇಕಕ್ಕ?"

ಅವಳು ಮೂಗು ಮುರಿದು ಕಾಫಿ ಕುಡಿದು ಹೊರಟುಹೋದಳು. ಮನಸ್ಸು ಕೆಟ್ಟಿತು, ಆ ದಿನ ಮಕ್ಕಳಿಗೆ ಪದ್ಯ ಹೇಳಿಕೊಡುವಾಗಲೂ ಆ ಅಂಗೈಯೇ ಕಣ್ಣ ಮುಂದೆ ಬರುತ್ತಿತ್ತು.

ಎರಡು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಬಾಗಿಲಲ್ಲಿ ಅತ್ತೆ! ಮೊದಲ ಬಸ್ಸಿಗೇ ಹೊರಟು, ಒಬ್ಬರೇ ಎರಡು ಬಸ್ಸು ಹತ್ತಿಳಿದು ಬಂದಿದ್ದರು. ವರ್ಷದ ತೊಡಕಿನ ನಂತರ ಮೊದಲ ಸಲ ನೇರವಾಗಿ ನನ್ನ ಮುಖ ನೋಡಿ ಮಾತಾಡಿದರು.

"ನಿನ್ ದೆಸೆಯಿಂದ ಅವ್ಳೂ ಕೆಟ್ಲು ಕಣಮ್ಮಿ!"

ಒಳಗೆ ಕೂರಿಸಿ ನೀರು ಕೊಟ್ಟ ಮೇಲೆ ವಿಷಯ ಹೊರಬಂತು. ಬಾವ ಹೇಳದೆ ಕೇಳದೆ ಐದಾರು ಜನರನ್ನು ಊಟಕ್ಕೆ ಕರೆದುಕೊಂಡು ಬಂದಿದ್ದಾರೆ. ವಾರಗಿತ್ತಿ ಅಡುಗೆಮನೆಯ ಚಿಲಕ ಹಾಕಿ, "ಮೊದ್ಲೇ ಏಳ್ದಿದ್ರೆ ಬೇಯ್ಸಿ ಮಡಗ್ತಿದ್ದೆ, ಈಗ ನನ್ ಕೈಲಾಗಾಕಿಲ್ಲ" ಎಂದು, ಪಕ್ಕದ ಮನೆಯವಳ ಜೊತೆ ಟಾಕೀಸಿನಲ್ಲಿ ಮ್ಯಾಟಿನಿ ನೋಡಲು ಹೋಗಿದ್ದಾಳೆ.

ನಾನು ನಕ್ಕುಬಿಟ್ಟೆ. ತಡೆಯಲಾಗಲಿಲ್ಲ.

"ನಗ್ತೀಯಾ? ಬಂದೋರ್ ಮುಂದೆ ನನ್ ಮಾನ ಓಯ್ತು. ಕೊನ್ಗೆ ನಾನೇ ಎದ್ದು ಉಪ್ಪಿಟ್ಟು ಕೆದ್ಕಿದೆ, ಈ ಮಂಡಿ ಇಟ್ಕೊಂಡು!"

"ಬಾವಂಗೆ ಬಯ್ಯೋದಲ್ವಾ ಅತ್ತೆ, ಏಳ್ದೆ ಕರ್ಕಬಂದಿದ್ದು ಅವ್ರು."

"ಗಂಡಸ್ರಿಗೆ ಏನಂತ ಬಯ್ಯಾದು?"

"ನನ್ಗೆ ಬಯ್ಯಾಕೆ ಎಲ್ಡು ಬಸ್ ಅತ್ಕೊಂಡು ಬಂದ್ರಿ. ಅವ್ರು ಪಕ್ಕದ್ ಕ್ವಾಣೆಲೇ ಅವ್ರಲ್ಲ!"

ಅತ್ತೆ ಇನ್ನೂ ಜೋರಾಗಿ ಬಯ್ದರು. ನಾನೂ ಬಿಡಲಿಲ್ಲ. ಅವತ್ತು ನಾವಿಬ್ಬರೂ ಆರು ವರ್ಷದ ಜಗಳವನ್ನು ಒಂದೇ ಬೆಳಗಿನಲ್ಲಿ ಆಡಿದೆವು. ಅವ್ವನ ಕಾಲು ಮುರಿದಾಗ ಒಕ್ಕಣೆಗೆ ನಿಲ್ಲಿಸಿಕೊಂಡದ್ದನ್ನು ನಾನು ಎತ್ತಿದೆ. "ಓಯ್ತೀನಿ ಅಂದಿದ್ರೆ ಕಾಲ್ ಕಟ್ಟಾಕ್ತಿದ್ನಾ? ಆಗ್ಲಿ ಬುಡಿ ಅಂದೋಳ್ಯಾರು?" ಎಂದು ಅವರು ತಿರುಗಿ ಕೊಟ್ಟರು. ಜಗಳದಲ್ಲಿ ಹೊತ್ತು ಮರೆತಿದ್ದ ನನಗೆ ಹೊರಗಿನ ಬಿಸಿಲು ಕಂಡಾಗಲೇ ಎಚ್ಚರವಾದದ್ದು. ಒಂಬತ್ತಾಗುತ್ತಿತ್ತು.

"ಅತ್ತೆ, ನಾನ್ ಓಗ್ಬೇಕು, ಮಕ್ಳು ಬತ್ತವೆ. ಎಸ್ರು, ಅನ್ನ ಮಾಡಿ ಮಡಗಿದೀನಿ, ಇಕ್ಕೊಂಡು ಉಣ್ಣಿ. ಹನ್ನೆರಡೂವರೆಗೆ ಬತ್ತೀನಿ."

"ಅತ್ತೆ ಮನೆಗ್ ಬಂದವ್ಳೆ, ಬುಟ್ಟು ಓಯ್ತೀಯಾ?"

"ಓಯ್ತೀನಿ."

ಓಡಿದೆ. ಮಧ್ಯಾಹ್ನ ಬಂದು ನೋಡಿದರೆ ಅತ್ತೆ ಹೊರಟುಹೋಗಿದ್ದರು. ತಟ್ಟೆ ತೊಳೆದು ಬೋರಲು ಹಾಕಿತ್ತು, ಊಟ ಮಾಡಿದ್ದರು. ಪಕ್ಕದ ಮನೆಯಾಕೆಗೆ, "ನನ್ ಸೊಸೆಗೆ ವಸಿಯೂ ಭಯ ಭಕ್ತಿ ಇಲ್ಲ, ಇನ್ ಈ ಒಸ್ಲು ತುಳಿಯಾಕಿಲ್ಲ ಅಂತೇಳಿ" ಎಂದು ಹೇಳಿ ಹೋಗಿದ್ದರಂತೆ. ಗಂಡ ಸಂಜೆ ಕೇಳಿ ಮುಖ ಸಪ್ಪೆ ಮಾಡಿಕೊಂಡರು. ನಾನು ಕ್ಷಮೆ ಕೇಳಿ ಕಾಗದ ಬರೆಯಲಿಲ್ಲ, ಹಣ್ಣು ಹೂವು ಹಿಡಿದು ಮಳವಳ್ಳಿಗೆ ಓಡಲಿಲ್ಲ.

ತಿಂಗಳು ಕಳೆಯುವುದರೊಳಗೆ, ನಮ್ಮಲ್ಲಿದ್ದುಕೊಂಡು ಓದುತ್ತಿದ್ದ ಮೈದುನ ಊರಿಗೆ ಹೋದಾಗ, ಅವನ ಕೈಯಲ್ಲಿ ಅತ್ತೆ ಹೇಳಿ ಕಳಿಸಿದರು: "ಅವ್ಳ ಇಸ್ಕೂಲ್ಗೆ ಯಾವತ್ತು ರಜ ಅಂತ ಕೇಳ್ಕೊಂಡ್ ಬಾ."

ಭಾನುವಾರ ಅಂದೆ. ಭಾನುವಾರ ಬಂದರು, ವಾರಗಿತ್ತಿಯನ್ನೂ ಕರೆದುಕೊಂಡು. ಬಂದವರೇ ನನ್ನ ಹಿತ್ತಲ ಬದನೆ ಗಿಡಗಳಿಗೆ ಹುಳ ಹಿಡಿದಿದೆಯೆಂದು ಬಯ್ಯಲು ಶುರುಮಾಡಿದರು.